ರೋಟರಿ ಕ್ಲಬ್‌ನ ವಾರದ ಸಭೆ ಸಂಜೆಯಿಂದ ಬೆಳಗಿನ ತಿಂಡಿ ಹೊತ್ತಿಗೆ ಬದಲಾಗುತ್ತಿದೆ. ಹೊಸ ಕಾರ್ಯದರ್ಶಿ ಏನೇನು ನೋಡಿಕೊಳ್ಳಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಜುಲೈ 1ರಿಂದ ನೀವೇ ಕಾರ್ಯದರ್ಶಿ, 38 ಸದಸ್ಯರು, ಹೋಟೆಲಿನ ಮಹಡಿಯ ಹಾಲ್, ಶನಿವಾರ ಬೆಳಗ್ಗೆ 7.30ರಿಂದ 8.30. ಜೊತೆಗೆ, ಸದಸ್ಯರ ಸುದ್ದಿಯನ್ನು ಸಭೆಯಲ್ಲಿ ಓದಬೇಕೋ ಬುಲೆಟಿನ್‌ಗೆ ಹಾಕಬೇಕೋ ಎಂದೂ ಕೇಳಿದ್ದೀರಿ. ಎರಡನ್ನೂ ಸೇರಿಸಿಯೇ ಉತ್ತರಿಸಬೇಕು. ಬೆಳಗಿನ ಸಭೆ ಕೆಡುವುದು ಅಲ್ಲೇ. ಕಾಗದದಲ್ಲಿ ಹೋಗಬೇಕಾದದ್ದೆಲ್ಲ ಮೈಕಿಗೆ ಬರುತ್ತದೆ, ಕರೆಸಿಕೊಂಡ ಅತಿಥಿಗೆ ಕೊನೆಗೆ ಎಂಟು ನಿಮಿಷ ಉಳಿಯುತ್ತದೆ.

ಸಂಜೆ ಸಭೆ ಅರ್ಧ ಗಂಟೆ ಎಳೆದರೆ ಊಟ ತಡವಾಗುತ್ತದೆ, ಅಷ್ಟೇ. ಬೆಳಗ್ಗೆ 8.30 ದಾಟಿತೆಂದರೆ ಡಾಕ್ಟರು ಓಪಿಡಿಗೆ, ಅಂಗಡಿಯವರು ಷಟರ್ ಎತ್ತಲಿಕ್ಕೆ, ಇನ್ನೊಬ್ಬರು ಮಗುವನ್ನು ಶಾಲೆಗೆ ಬಿಡಲಿಕ್ಕೆ ಎದ್ದೇ ಬಿಡುತ್ತಾರೆ. ಅವರನ್ನು ತಪ್ಪು ಅನ್ನುವಂತಿಲ್ಲ. ಹಾಜರಿಯ ನಿಯಮವನ್ನು ಮಾತ್ರ ಮೊದಲೇ ಎಲ್ಲರಿಗೂ ತಿಳಿಸಿಬಿಡಿ: ಸಭೆಯ ಅವಧಿಯ ಶೇ. 60ರಷ್ಟು ಹೊತ್ತು ಇದ್ದರೆ ಹಾಜರಿ. ಒಂದು ಗಂಟೆಯ ಸಭೆಗೆ ಅದು 36 ನಿಮಿಷ. ಗಂಟೆ ಬಾರಿಸುವ ಮುಂಚೆ ಬಂದು, ಇಡ್ಲಿ ತಿಂದು, ಹುಟ್ಟುಹಬ್ಬದ ಚಪ್ಪಾಳೆ ಮುಗಿಯುತ್ತಲೇ ಜಾಗ ಖಾಲಿ ಮಾಡುವವರು ಪ್ರತಿ ಕ್ಲಬ್‌ನಲ್ಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರ ಹೆಸರಿನ ಮುಂದೆ ಟಿಕ್ ಹಾಕುವಾಗ ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ.

ಮೊದಲು ತಿಂಡಿ, ಯಾಕೆಂದರೆ ಸಭೆಯ ಗಡಿಯಾರ ನಿಜಕ್ಕೂ ಓಡುವುದು ಅಡುಗೆಮನೆಯಿಂದ. ಕೌಂಟರ್ 7.05ಕ್ಕೆ ತೆರೆಯಬೇಕು, 7.25ಕ್ಕೆ ಕೊನೆಯ ತಟ್ಟೆ ತುಂಬಿರಬೇಕು. ಇಡ್ಲಿ, ಒಂದು ಉದ್ದಿನ ವಡೆ, ಅರ್ಧ ಪ್ಲೇಟ್ ಖಾರಾಬಾತ್ ಅಥವಾ ಪೊಂಗಲ್ ಇದ್ದರೆ ಸಾಕು. ಮಸಾಲೆ ದೋಸೆ ಬೇಡ, ಎಷ್ಟೇ ಒತ್ತಾಯ ಬಂದರೂ ಬೇಡ. ಕಾವಲಿಯ ಮೇಲೆ ಒಂದು ಸಲಕ್ಕೆ ಆರೋ ಎಂಟೋ ದೋಸೆ ಏಳುತ್ತವೆ. 38ರಲ್ಲಿ 28 ಜನ ಬರುತ್ತಾರೆಂದು ಹಿಡಿದರೂ ನಾಲ್ಕೈದು ಸರದಿ ಆಗಬೇಕು, ಅಷ್ಟರಲ್ಲಿ ಮೊದಲು ತಿಂದವರು ಕೈ ತೊಳೆದು ವಾಚ್ ನೋಡುತ್ತಿರುತ್ತಾರೆ. ಪೂರಿಯೂ ಅಷ್ಟೇ, ಪಾತ್ರೆಯಲ್ಲಿ ಹತ್ತು ನಿಮಿಷ ಕೂತರೆ ನಾರಾಗುತ್ತದೆ. ಇಡ್ಲಿ ಹಾಟ್‌ಬಾಕ್ಸಿನಲ್ಲಿ ಅರ್ಧ ಗಂಟೆ ಚೆನ್ನಾಗಿ ತಡೆಯುತ್ತದೆ. ವಡೆಯನ್ನು ಮಾತ್ರ ಅದೇ ಥರ ಬಿಗಿಯಾಗಿ ಮುಚ್ಚಿಡಬೇಡಿ, ಆವಿಗೆ ಮೆತ್ತಗಾಗುತ್ತದೆ. ಅಗಲ ಬುಟ್ಟಿಯಲ್ಲಿ ಕಾಗದ ಹಾಸಿ, ಮುಚ್ಚಳ ಓರೆಯಾಗಿಡಲು ಹೇಳಿ.

28 ಜನಕ್ಕೆ ಇಡ್ಲಿ 65, ವಡೆ 32, ಖಾರಾಬಾತ್‌ಗೆ ಒಂದೂಕಾಲು ಕಿಲೋ ರವೆ. ಕಾಫಿ 100 ಮಿಲಿ ಲೋಟಕ್ಕೆ 42 ಲೋಟ ಹಿಡಿಯಿರಿ, ಅರ್ಧ ಜನ ಎರಡನೇ ಸಲ ಕೇಳುತ್ತಾರೆ. ಅದಕ್ಕೆ ಸುಮಾರು 250 ಗ್ರಾಂ ಪುಡಿಯ ಒಂದು ಲೀಟರ್ ಡಿಕಾಕ್ಷನ್, ಮೂರೂಕಾಲು ಲೀಟರ್ ಹಾಲು. ಬೆರೆಸಿದ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಟ್ಟರೆ ಅರ್ಧ ಗಂಟೆಗೇ ಹಳಸಲು ರುಚಿ ಬರುತ್ತದೆ; ಡಿಕಾಕ್ಷನ್ ಬೇರೆ, ಬಿಸಿ ಹಾಲು ಬೇರೆ, ಸಕ್ಕರೆ ಬೇರೆ ಇಡಿಸಿ. ಸಕ್ಕರೆ ಕಾಯಿಲೆಯವರಿಗೂ ಅದರಿಂದ ಅನುಕೂಲ. ಎರಡನೇ ಕಾಫಿ ಸಭೆ ಮುಗಿದ ಮೇಲೆ. ಅತಿಥಿ ಮಾತಾಡುವಾಗ ಹಿಂದೆ ಸ್ಟೀಲ್ ಲೋಟ ಜೋಡಿಸುವ ಸದ್ದು ಬಂತೆಂದರೆ ಸಭಿಕರ ಅರ್ಧ ತಲೆ ಆ ಕಡೆ ತಿರುಗುತ್ತದೆ.

ಎಷ್ಟು ಪ್ಲೇಟ್ ಹೇಳಬೇಕು ಅನ್ನುವುದಕ್ಕೆ ವಾಟ್ಸಾಪ್ ಪೋಲನ್ನು ನಂಬಬೇಡಿ. ಬರುತ್ತೇನೆ ಅಂದವರಲ್ಲಿ ಕೆಲವರು ಬರುವುದಿಲ್ಲ, ಉತ್ತರವೇ ಕೊಡದ ನಾಲ್ವರು ಜೊತೆಯಾಗಿ ಬಂದು ನಿಲ್ಲುತ್ತಾರೆ. ಹಿಂದಿನ ನಾಲ್ಕು ಸಭೆಗಳ ಹಾಜರಿಯ ಸರಾಸರಿ ತೆಗೆದು, ಅತಿಥಿಗಳನ್ನು ಕೂಡಿಸಿ, ಹಿಂದಿನ ಸಂಜೆ 7ರೊಳಗೆ ಹೋಟೆಲಿಗೆ ಹೇಳಿ. ‘ಬರುವವರು ತಿಳಿಸಿ’ ಎನ್ನುವ ಬದಲು ‘ಬಾರದವರು ಮಾತ್ರ ತಿಳಿಸಿ’ ಎಂದು ಹಾಕಿದರೆ ಲೆಕ್ಕ ಇನ್ನೂ ಹತ್ತಿರ ಬರುತ್ತದೆ. ಹೋಟೆಲಿನವರು ಕನಿಷ್ಠ ಇಷ್ಟು ಪ್ಲೇಟ್ ಎಂದು ಕೇಳಿದರೆ ಸರಾಸರಿಗಿಂತ ಎರಡು ಮೂರು ಕಡಿಮೆಗೇ ಒಪ್ಪಿಕೊಳ್ಳಿ. ಉದಾಹರಣೆಗೆ 120 ರೂಪಾಯಿಯ ಪ್ಲೇಟು, 25ಕ್ಕೆ ಒಪ್ಪಂದ, ಬಂದವರು 18 ಅಂದರೆ ಆ ವಾರ 840 ರೂಪಾಯಿ ದಂಡ. ನಾಲ್ಕು ವಾರ ಹೀಗಾದರೆ 3,360, ಜೂನ್‌ನಲ್ಲಿ ಖಜಾಂಚಿಯವರು ನಿಮ್ಮ ಮುಖ ನೋಡುತ್ತಾರೆ. ತಿಂಡಿಯ ದುಡ್ಡನ್ನು ಬಾಗಿಲಲ್ಲಿ ವಸೂಲು ಮಾಡುವ ಪದ್ಧತಿಯೂ ನನಗೆ ಸರಿ ಕಾಣುವುದಿಲ್ಲ. ಚಂದಾ ಜೊತೆಗೇ ಮೂರು ತಿಂಗಳಿಗೊಮ್ಮೆ ತೆಗೆದುಕೊಂಡರೆ, ದುಡ್ಡು ಕಟ್ಟಿದ್ದೇವಲ್ಲ ಎಂದಾದರೂ ಬರುತ್ತಾರೆ.

ಪ್ರತಿ ವಾರ ಸೇರಲೇಬೇಕು ಎಂಬ ಕಟ್ಟುಪಾಡೂ ಈಗಿಲ್ಲ. ರೋಟರಿಯ ನಿಯಮ ರೂಪಿಸುವ ಕೌನ್ಸಿಲ್ ಆನ್ ಲೆಜಿಸ್ಲೇಷನ್ 2016ರಲ್ಲಿ ಸೇರಿದ ಮೇಲೆ ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆದರೆ ಸಾಕು. ಗೌರಿ ಗಣೇಶ, ದಸರಾ, ದೀಪಾವಳಿ ವಾರಗಳನ್ನು ವರ್ಷದ ಮೊದಲ ಬೋರ್ಡ್ ಮೀಟಿಂಗ್‌ನಲ್ಲೇ ಗುರುತಿಸಿ ಬಿಟ್ಟುಬಿಡಿ.

ಇನ್ನು ಆ ಒಂದು ಗಂಟೆ. 7.30ಕ್ಕೆ ಎಷ್ಟು ಜನ ಇದ್ದರೆ ಅಷ್ಟು ಜನಕ್ಕೇ ಗಂಟೆ ಬಾರಿಸಿ. ಮೊದಲ ತಿಂಗಳು ಮುಜುಗರವಾಗುತ್ತದೆ, ಆಮೇಲೆ ಎಲ್ಲರೂ ದಾರಿಗೆ ಬರುತ್ತಾರೆ. ಸಭೆಯ ಶಿಸ್ತು ನೋಡಿಕೊಳ್ಳುವ ಸಾರ್ಜೆಂಟ್ ಅಟ್ ಆರ್ಮ್ಸ್ (ಕರಾವಳಿ ಕಡೆಯವರಿಗೆ ದಂಡಪಾಣಿ) ಅಧ್ಯಕ್ಷರಿಗೆ ಪದವಿಯ ಕಾಲರ್ ತೊಡಿಸುವುದು, ಪ್ರಾರ್ಥನೆ, ರೋಟರಿಯ ನಾಲ್ಕು ಪ್ರಶ್ನೆಗಳ ನೀತಿಸೂತ್ರವಾದ ಫೋರ್ ವೇ ಟೆಸ್ಟ್ ಓದುವುದು, ಸ್ವಾಗತ ಎಲ್ಲ ಸೇರಿ ಐದು ನಿಮಿಷ. ಸ್ವಾಗತಿಸುವವರು ವೇದಿಕೆಯಲ್ಲಿರುವವರ ಹೆಸರು ಮಾತ್ರ ಹೇಳಲಿ. ಎದುರಿಗೆ ಕೂತ ಪೂರ್ವಾಧ್ಯಕ್ಷರು, ರೋಟರಿ ಜಿಲ್ಲೆಯ ವಲಯ ಸೇನಾನಿ, ಸಹಾಯಕ ಗವರ್ನರ್ ಎಂದು ಹೊರಟರೆ ಅಲ್ಲೇ ನಾಲ್ಕು ನಿಮಿಷ ಹೋಯಿತು. ಅಧ್ಯಕ್ಷರ ಮಾತು ಐದು, ನಿಮ್ಮ ವರದಿ ಐದು, ಹುಟ್ಟುಹಬ್ಬ ಮತ್ತು ಹ್ಯಾಪಿ ಬಾಕ್ಸ್ (ದುಡ್ಡು ಹಾಕಿ ಮನೆಯ ಸಂತಸ ಹೇಳಿಕೊಳ್ಳುವ ಡಬ್ಬಿ) ಏಳು, ಅತಿಥಿಯ ಪರಿಚಯ ಎರಡು. 7.54ಕ್ಕೆ ಅತಿಥಿ ಮೈಕ್ ಹಿಡಿದಿರಬೇಕು: 22 ನಿಮಿಷ ಮಾತು, ಎಂಟು ನಿಮಿಷ ಪ್ರಶ್ನೆ. ವಂದನಾರ್ಪಣೆ, ನೆನಪಿನ ಕಾಣಿಕೆ, 52 ಸೆಕೆಂಡಿನ ರಾಷ್ಟ್ರಗೀತೆ, 8.30ಕ್ಕೆ ಮುಕ್ತಾಯ. ಅತಿಥಿಯ ಪರಿಚಯ ಅರವತ್ತು ಪದ ದಾಟದಂತೆ ನೀವೇ ಬರೆದುಕೊಡಿ, ಬಯೋಡಾಟಾ ಪ್ರಿಂಟನ್ನು ಹಾಗೇ ಕೊಟ್ಟರೆ ಓದುವವರು ಎಸ್ಸೆಸ್ಸೆಲ್ಸಿಯಿಂದ ಶುರು ಮಾಡುತ್ತಾರೆ. ಪಿಪಿಟಿ ಇದ್ದರೆ ಹಿಂದಿನ ರಾತ್ರಿಯೇ ತರಿಸಿಕೊಂಡು ಹಾಲ್‌ನ ಲ್ಯಾಪ್‌ಟಾಪಿಗೆ ಹಾಕಿ.

ನಿಮ್ಮ ಐದು ನಿಮಿಷದಲ್ಲಿ ಮೂರೇ ಸಂಗತಿ ಬರಲಿ: ಈ ವಾರದ ಕಾರ್ಯಕ್ರಮ ಎಲ್ಲಿ ಎಷ್ಟು ಗಂಟೆಗೆ, ಯಾರು ಯಾವ ಕೆಲಸಕ್ಕೆ ಬೇಕು, ಮುಂದಿನ ವಾರದ ಅತಿಥಿ ಯಾರು. ರೋಟರಿ ಜಿಲ್ಲೆಯಿಂದ ಬಂದ ಪತ್ರಗಳು, ಹಿಂದಿನ ಸಭೆಯ ವರದಿ, ದೇಣಿಗೆ ಪಟ್ಟಿ ಎಲ್ಲ ಬುಲೆಟಿನ್‌ಗೆ. ಸದಸ್ಯರ ಸುದ್ದಿಯ ಬಹುಪಾಲೂ ಅಲ್ಲಿಗೇ. ಬುಲೆಟಿನ್ ಶುಕ್ರವಾರ ಸಂಜೆ ವಾಟ್ಸಾಪ್‌ನಲ್ಲಿ ಎರಡು ಪುಟದ ಪಿಡಿಎಫ್ ಆಗಿ ಹೋದರೆ, ಬೆಳಗ್ಗೆ ಇಡ್ಲಿ ತಿನ್ನುತ್ತಾ ಜನ ಅದನ್ನೇ ಮಾತಾಡುತ್ತಾರೆ. ಸುದ್ದಿ ತಲುಪಬೇಕಾದದ್ದು ಹಾಗೆಯೇ.

ಸುದ್ದಿಯಲ್ಲಿ ಹೆಚ್ಚು ಎಡವುವುದು ಹುಟ್ಟುಹಬ್ಬದ ಪಟ್ಟಿಯಲ್ಲಿ. ಹಿಂದಿನ ವರ್ಷದ ಪಟ್ಟಿಯನ್ನು ಯಥಾವತ್ ಇಳಿಸಿಕೊಂಡರೆ ಕ್ಲಬ್ ಬಿಟ್ಟವರಿಗೂ ಶುಭಾಶಯ ಹೋಗುತ್ತದೆ. ಅದಾದರೂ ನಗೆಯಲ್ಲಿ ಮುಗಿಯುತ್ತದೆ. ಆದರೆ ಪತ್ನಿಯನ್ನು ಕಳೆದುಕೊಂಡವರಿಗೆ ವಿವಾಹ ವಾರ್ಷಿಕೋತ್ಸವದ ಹಾರೈಕೆ ಹೋದರೆ ಮುಖ ತೋರಿಸುವುದು ಕಷ್ಟ. ಜೂನ್ ಕೊನೆಯ ವಾರ 38 ಜನಕ್ಕೂ ಫೋನ್ ಮಾಡಿ, ಒಬ್ಬೊಬ್ಬರಿಗೆ ಎರಡು ನಿಮಿಷ. ಆಗಲೇ ಇನ್ನೊಂದನ್ನೂ ಕೇಳಿ: ಶಾಲೆಯ ದಾಖಲೆಯ ತಾರೀಖೋ, ನಿಜವಾದ ಹುಟ್ಟುಹಬ್ಬವೋ? ನಮ್ಮಲ್ಲಿ ಒಂದು ತಲೆಮಾರಿನ ಎಷ್ಟೋ ಜನಕ್ಕೆ ಮೇಷ್ಟ್ರು ಬರೆದುಕೊಟ್ಟ ಜೂನ್ 1 ಇದೆ. ಅದನ್ನೇ ಹಾಕಿದರೆ ಒಂದೇ ವಾರ ಆರು ಜನಕ್ಕೆ ಕೇಕ್ ಕತ್ತರಿಸಬೇಕಾಗುತ್ತದೆ. ವಯಸ್ಸು ಹಾಕಬೇಡಿ.

ಆಸ್ಪತ್ರೆ ಸೇರಿದವರ ಸುದ್ದಿಯನ್ನು ಮನೆಯವರನ್ನು ಕೇಳದೆ ಹಾಕಬಾರದು. ಒಪ್ಪಿದರೂ ‘ವಿಶ್ರಾಂತಿಯಲ್ಲಿದ್ದಾರೆ, ಹತ್ತು ದಿನ ಫೋನ್ ಬೇಡ’ ಎಂಬಷ್ಟೇ ಸಾಕು, ಕಾಯಿಲೆಯ ಹೆಸರೂ ಬೇಡ, ವಾರ್ಡ್ ನಂಬರೂ ಬೇಡ. ಸಾವಿನ ಸುದ್ದಿ ಮಾತ್ರ ಬುಲೆಟಿನ್‌ಗಾಗಿ ಕಾಯಬಾರದು. ಗ್ರೂಪ್‌ಗೆ ಹಾಕುವ ಮುಂಚೆ ಮನೆಯವರಿಂದಲೋ ಹತ್ತಿರದ ಒಬ್ಬ ಸದಸ್ಯರಿಂದಲೋ ಖಚಿತ ಮಾಡಿಕೊಂಡು, ಹೆಸರು, ಅಂತ್ಯಕ್ರಿಯೆಯ ಜಾಗ, ಸಮಯ ಇಷ್ಟೇ ಹಾಕಿ. ಆ ವಾರದ ಸಭೆಯಲ್ಲಿ ಪ್ರಾರ್ಥನೆ ಆದ ಕೂಡಲೇ ಮೌನಾಚರಣೆ ಮಾಡಿ, ಹ್ಯಾಪಿ ಬಾಕ್ಸ್ ಕೈಬಿಡಿ.

ಮಗಳ ಮದುವೆ, ಗೃಹಪ್ರವೇಶ, ಮಗನಿಗೆ ರ‍್ಯಾಂಕ್ ಮುಂತಾದವಕ್ಕೆ ಹ್ಯಾಪಿ ಬಾಕ್ಸ್ ಇದೆ. ನೂರು ರೂಪಾಯಿ ಹಾಕಿ ಮೂವತ್ತು ಸೆಕೆಂಡು ಹೇಳಲಿ. ಹೊಸ ಅಂಗಡಿ ತೆರೆದರೆ ಬುಲೆಟಿನ್‌ನಲ್ಲಿ ಒಂದು ಸಾಲು, ರಿಯಾಯಿತಿ ದರ ಹಾಕುವುದಿದ್ದರೆ ಅದು ಜಾಹೀರಾತು, ದುಡ್ಡು ಕೊಡಲಿ. ಸದಸ್ಯರು ಚುನಾವಣೆಗೆ ನಿಂತರೆ ಫಲಿತಾಂಶ ಬರುವ ತನಕ ಏನೂ ಹಾಕಬೇಡಿ, ಗೆದ್ದ ಮೇಲೆ ಪಕ್ಷದ ಹೆಸರಿಲ್ಲದೆ ಅಭಿನಂದಿಸಿ.

ಹಿರಿಯ ಸದಸ್ಯರ ಹಾಜರಿಯ ಬಗ್ಗೆ ಒಂದು ಮಾತು. ಬೆಳಗಿನ ಚಳಿಗೆ ಕೆಲವರು ಬರುವುದು ಕಷ್ಟ. ವಯಸ್ಸು ಮತ್ತು ಸದಸ್ಯತ್ವದ ವರ್ಷ ಕೂಡಿದರೆ 85 ಅಥವಾ ಅದಕ್ಕಿಂತ ಹೆಚ್ಚಾಗುವ, ಕನಿಷ್ಠ 20 ವರ್ಷ ಸದಸ್ಯರಾಗಿರುವವರು ನಿಮಗೆ ಪತ್ರ ಕೊಟ್ಟು ಬೋರ್ಡ್ ಒಪ್ಪಿದರೆ ಹಾಜರಿಯಿಂದ ವಿನಾಯಿತಿ ಸಿಗುತ್ತದೆ. 65 ವಯಸ್ಸು, 20 ವರ್ಷ ಸದಸ್ಯತ್ವ ಇದ್ದರೂ ಆಯಿತು. ಸಮಯ ಬದಲಾಗುವ ಈ ಹೊತ್ತಿನಲ್ಲೇ ಅಂಥವರನ್ನು ಕೇಳಿ ಪತ್ರ ಬರೆಸಿಕೊಳ್ಳಿ. ಇಲ್ಲದಿದ್ದರೆ ಶೇಕಡಾವಾರು ಕುಸಿಯುತ್ತದೆ, ಅವರಿಗೂ ಬೇಸರ.

ಕೊನೆಯದು ದುಡ್ಡಿನ ವಿಷಯ, ಮುಂದೂಡಬೇಡಿ. ರೋಟರಿ ಇಂಟರ್‌ನ್ಯಾಷನಲ್‌ನ ಬಿಲ್ ಬರುವುದು ಜುಲೈ 1 ಮತ್ತು ಜನವರಿ 1ರಂದು ಅವರ ಪಟ್ಟಿಯಲ್ಲಿರುವ ಸದಸ್ಯರ ಸಂಖ್ಯೆಯ ಮೇಲೆ. ಬಿಟ್ಟುಹೋದವರ ಹೆಸರನ್ನು ಅದಕ್ಕೆ ಮುಂಚೆ ರೋಟರಿಯ ವೆಬ್‌ಸೈಟಿನ ಮೈ ರೋಟರಿ ಖಾತೆಯಲ್ಲಿ ತೆಗೆಯದಿದ್ದರೆ ಅವರ ಆರು ತಿಂಗಳ ಶುಲ್ಕ ಕ್ಲಬ್ ಮೇಲೆ ಬೀಳುತ್ತದೆ. ನಿಮ್ಮ ಲಾಗಿನ್‌ಗೆ ಕಾರ್ಯದರ್ಶಿಯ ಅಧಿಕಾರ ಬರುವುದು ಜುಲೈ 1ಕ್ಕೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹಾಗಾಗಿ ಈಗಿನ ಕಾರ್ಯದರ್ಶಿಯವರ ಜೊತೆ ಜೂನ್ ಮೂರನೇ ವಾರದಲ್ಲೇ ಕೂತು, 38ರಲ್ಲಿ ನಿಜವಾಗಿ ಉಳಿಯುವವರು ಎಷ್ಟು ಎಂದು ನೋಡಿ, ಅವರ ಲಾಗಿನ್‌ನಿಂದಲೇ ಪಟ್ಟಿ ಸರಿ ಮಾಡಿಸಿ.