ಹೆರಿಗೆಯ ಹೊತ್ತಿಗೆ ಗಂಡನಿಗೆ ರಿಸರ್ವಿಸ್ಟ್ ಕರೆ ಬಂದರೆ

ಮದುವೆಯಾಗಿ ಸಿಂಗಪುರಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ದಿನ ತುಂಬುತ್ತಾ ಬಂದಿದೆ, ಸರಿಯಾಗಿ ಅದೇ ಹೊತ್ತಿಗೆ ಗಂಡನಿಗೆ ಎರಡು ವಾರದ ಸೇನಾ ತರಬೇತಿಯ ನೋಟಿಸ್. ಆಫೀಸಿಗೆ ಹೋಗಿ ಬರುವ ಮನುಷ್ಯನನ್ನು ವರ್ಷವರ್ಷ ಹೀಗೆ ಕರೆಸಿಕೊಳ್ಳಬಹುದಾ, ಬರಲ್ಲ ಅಂದರೆ ಏನು ಮಾಡುತ್ತಾರೆ ಅಂತ ಕೇಳಿದ್ದೀರಿ.

ಕರೆಸಿಕೊಳ್ಳಬಹುದು. ಬರಲ್ಲ ಅನ್ನುವ ಹಾಗಿಲ್ಲ. ಆದರೆ ಈ ಸಲ ನಿಮ್ಮವರು ಹೋಗಬೇಕಾಗಿ ಬರಲಿಕ್ಕಿಲ್ಲ, ಅದಕ್ಕೆ ಗಾಬರಿ ಬೇಡ. ನಾನೂ ನಿಮ್ಮ ಹಾಗೇ ಮದುವೆಯಾಗಿ ಬಂದವಳು. ನಮ್ಮವರು ಚಿಕ್ಕ ವಯಸ್ಸಿನಲ್ಲೇ ಅಪ್ಪನ ಜೊತೆ ಇಲ್ಲಿಗೆ ಬಂದು ಪಿಆರ್, ಅಂದರೆ ಕಾಯಂ ನಿವಾಸಿ ಆದವರು, ಹಾಗಾಗಿ ನ್ಯಾಷನಲ್ ಸರ್ವಿಸ್ ಅನ್ನುವ ಕಡ್ಡಾಯ ಸೇನಾ ಸೇವೆ ಮುಗಿಸಿ, ಆಮೇಲೆ ಆಗಾಗ ಕರೆಸಿಕೊಳ್ಳುವ ರಿಸರ್ವಿಸ್ಟ್ ತರಬೇತಿಯನ್ನೂ ಪೂರ್ತಿ ಮಾಡಿದರು. ಮದುವೆ ಮಾತುಕತೆಯಲ್ಲಿ ಸಂಬಳ, ಮನೆ, ಗೋತ್ರ ಎಲ್ಲ ಬಂತು, ಇದೊಂದು ಬರಲಿಲ್ಲ. ನಿಮ್ಮ ಮನೆಯಲ್ಲೂ ಬಂದಿರಲಿಕ್ಕಿಲ್ಲ. ಇಲ್ಲಿ ಬೆಳೆದ ಗಂಡಸರಿಗೆ ಇದು ಹೇಳಬೇಕಾದ ವಿಷಯ ಅಂತಲೇ ಅನ್ನಿಸುವುದಿಲ್ಲ.

1965ರಲ್ಲಿ ಈ ದೇಶ ಸ್ವತಂತ್ರವಾದಾಗ ಸೈನ್ಯ ಅಂತ ಇದ್ದದ್ದು ಎರಡೇ ಬೆಟಾಲಿಯನ್. ಇಷ್ಟು ಸಣ್ಣ ಊರು ದೊಡ್ಡ ಸೈನ್ಯಕ್ಕೆ ಸಂಬಳ ಕೊಟ್ಟು ಸಾಕಲಾರದು ಅಂತ 1967ರಲ್ಲಿ ಕಡ್ಡಾಯ ಸೇವೆ ತಂದರು. ಹುಡುಗರು 18ಕ್ಕೆ ಸೇರಿ ಎರಡು ವರ್ಷ ಪೂರ್ಣಾವಧಿ ಮಾಡುತ್ತಾರೆ, ಆಮೇಲೆ ಹತ್ತು ವರ್ಷದ ರಿಸರ್ವಿಸ್ಟ್ ಸರದಿ. ವರ್ಷಕ್ಕೆ 40 ದಿನದವರೆಗೆ ಕರೆಯುವ ಹಕ್ಕು ಅವರಿಗಿದೆ, ಅಷ್ಟೂ ದಿನ ಕರೆಯುವುದು ಅಪರೂಪ. ಸೈನ್ಯದ ಬಹುಪಾಲು ಬಲ ಈ ರಿಸರ್ವಿಸ್ಟ್‌ಗಳೇ. ಅಂದರೆ ನಿಮ್ಮವರು ಪಟ್ಟಿಯ ಕೊನೆಯಲ್ಲಿರುವ ಹೆಚ್ಚುವರಿ ಹೆಸರಲ್ಲ, ಅವರಂಥವರೇ ಸೈನ್ಯ. ಮನೆಮನೆಯ ಕಷ್ಟ ಕೇಳಿ ಬಿಟ್ಟುಬಿಡುತ್ತಾ ಹೋದರೆ ಏನೂ ಉಳಿಯುವುದಿಲ್ಲ ಅನ್ನುವುದು ಅವರ ವಾದ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಪೂರ್ತಿ ಹೋಗಿಲ್ಲ, ಆದರೆ ವಾದ ಅರ್ಥವಾಗುತ್ತದೆ.

ಬರುವ ನೋಟಿಸಿಗೆ ಇಲ್ಲಿನವರು ಎಸ್‌ಎಎಫ್ 100 ಅನ್ನುತ್ತಾರೆ. ಅದನ್ನು ಕಡೆಗಣಿಸಿ ಮನೆಯಲ್ಲೇ ಕೂತರೆ ಎನ್‌ಲಿಸ್ಟ್‌ಮೆಂಟ್ ಕಾಯ್ದೆಯಲ್ಲಿ 10,000 ಡಾಲರ್‌ವರೆಗೆ ದಂಡ, 3 ವರ್ಷದವರೆಗೆ ಜೈಲು, ಅಥವಾ ಎರಡಕ್ಕೂ ಅವಕಾಶವಿದೆ. ಸೈನ್ಯದವರೇ ವಿಚಾರಣೆ ಮಾಡಿ ತಮ್ಮದೇ ಜೈಲಾದ ಡಿಟೆನ್ಷನ್ ಬ್ಯಾರಕ್ಸಿಗೂ ಹಾಕಬಹುದು. ಊರಲ್ಲಿ ಮದುವೆ ಇತ್ತು, ಮರೆತುಹೋಯಿತು, ಇವೆಲ್ಲ ಅಲ್ಲಿ ನಡೆಯುವುದಿಲ್ಲ.

ಇದಕ್ಕೆ ಇರುವ ದಾರಿ ಡಿಫರ್‌ಮೆಂಟ್, ಅಂದರೆ ಮುಂದೂಡಿಕೆ. ಒನ್‌ಎನ್‌ಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕಾರಣ ಬರೆದು, ದಾಖಲೆ ಲಗತ್ತಿಸಬೇಕು. ಹೆಂಡತಿಯ ಹೆರಿಗೆ, ಹತ್ತಿರದವರ ಗಂಭೀರ ಕಾಯಿಲೆ, ಪರೀಕ್ಷೆ, ಆಗ ತಾನೇ ಸೇರಿದ ಹೊಸ ಕೆಲಸ, ಇಂಥವನ್ನು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯವರು ಬರೆದುಕೊಟ್ಟ ಹೆರಿಗೆಯ ಅಂದಾಜು ದಿನಾಂಕದ ಪತ್ರ ಇವತ್ತೇ ತರಿಸಿಕೊಳ್ಳಿ, ಅರ್ಜಿ ಈ ವಾರವೇ ಹೋಗಲಿ. ಕರೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮೊದಲೇ ಬಂದಿರುತ್ತದೆ, ಗಂಡಸರು ಅದನ್ನು ಫೋನಿನಲ್ಲೇ ಇಟ್ಟುಕೊಂಡು ಕೊನೆಗೆ ಹೇಳುತ್ತಾರೆ. ಕೊನೆಯ ವಾರದಲ್ಲಿ ಹೋಗುವ ಅರ್ಜಿ ಎಷ್ಟೇ ನಿಜವಾಗಿದ್ದರೂ ನೆಪದ ಹಾಗೆ ಕಾಣುತ್ತದೆ. ಅರ್ಜಿ ಹಾಕಿದ ಮೇಲೆ ಯೂನಿಟ್‌ನಲ್ಲಿ ಸಿಬ್ಬಂದಿ ವಿಷಯ ನೋಡಿಕೊಳ್ಳುವ ಎಸ್‌ಒನ್ ಆಫೀಸಿಗೂ ಅವರೇ ಫೋನ್ ಮಾಡಿ ಮಾತಾಡಲಿ. ನೀವು ಮಾಡಬೇಡಿ, ಕೆಲಸ ಆಗುವುದಿಲ್ಲ. ಮತ್ತೆ, ಅರ್ಜಿ ಹಾಕಿದ್ದೇವೆ ಅಂದರೆ ಒಪ್ಪಿದ್ದಾರೆ ಅಂತಲ್ಲ. ಉತ್ತರ ಬರುವವರೆಗೆ ನೋಟಿಸ್ ಜಾರಿಯಲ್ಲೇ ಇರುತ್ತದೆ.

ಆದರೆ ಯಾರೂ ಮೊದಲೇ ಹೇಳದ ಮಾತು ಒಂದಿದೆ. ಡಿಫರ್‌ಮೆಂಟ್ ಸಿಕ್ಕರೆ ತರಬೇತಿ ಮನ್ನಾ ಆಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಆ ಬಾರಿಯದು ಲೆಕ್ಕಕ್ಕೆ ಸೇರದೆ ಸರದಿ ಉದ್ದವಾಗುತ್ತದೆ. 28ನೇ ವಯಸ್ಸಿನಲ್ಲಿ ತಪ್ಪಿಸಿಕೊಂಡದ್ದನ್ನು 36ರಲ್ಲಿ, ಬೆನ್ನುನೋವು, ಮನೆ ಸಾಲ, ಮಕ್ಕಳ ಪ್ರೈಮರಿ ಕೊನೆಯ ಪಿಎಸ್‌ಎಲ್‌ಇ ಪರೀಕ್ಷೆ ಎಲ್ಲ ತಲೆಯ ಮೇಲಿರುವಾಗ ಮಾಡಬೇಕು. ಇನ್ನೊಂದು ನಷ್ಟವೂ ಇದೆ. ಜೊತೆಯವರು ಒಟ್ಟಿಗೆ ಮುಗಿಸಿಕೊಂಡು ಹೋಗಿಬಿಡುತ್ತಾರೆ, ಹಿಂದೆ ಬಿದ್ದವರು ಗುರುತಿಲ್ಲದ ಮುಖಗಳ ನಡುವೆ ಬಾಕಿ ತೀರಿಸಬೇಕು. ನಮ್ಮವರಿಗೆ ಹಾಗಾಯಿತು. ಮಾವನವರಿಗೆ ಮೈಸೂರಿನಲ್ಲಿ ಲಕ್ವ ಹೊಡೆದ ವರ್ಷ ಮುಂದೂಡಿಸಿಕೊಂಡು ಹೋದರು, ಅದಕ್ಕೆ ಯಾರೂ ಎರಡು ಮಾತಾಡಲಿಲ್ಲ. ಮುಂದೆ ಆಫೀಸಿನ ಪ್ರಾಜೆಕ್ಟ್ ಅಂತ ಇನ್ನೊಮ್ಮೆ ಕೇಳಿದರು. ಮ್ಯಾನೇಜರ್ ಕೊಟ್ಟ ಪತ್ರದಲ್ಲಿ ಇವರಿಲ್ಲದಿದ್ದರೆ ಏನು ನಿಲ್ಲುತ್ತದೆ ಅಂತ ಒಂದು ಸಾಲೂ ಇರಲಿಲ್ಲ, ಅರ್ಜಿ ವಾಪಸ್ ಬಂತು. ಹೋದರು, ಪ್ರಾಜೆಕ್ಟ್ ತನ್ನ ಪಾಡಿಗೆ ತಾನು ನಡೆಯಿತು.

ಅದಕ್ಕೇ ಹೇಳುವುದು, ಮುಂದೂಡಿಕೆಯನ್ನು ಕೈಯಲ್ಲಿರುವ ಚಿನ್ನದ ಹಾಗೆ ನೋಡಿ. ಹೆರಿಗೆಗೆ ಬಳಸಿ, ಹೆತ್ತವರ ಆಪರೇಷನ್‌ಗೆ ಬಳಸಿ. ಗೃಹಪ್ರವೇಶ, ಮೈದುನನ ನಿಶ್ಚಿತಾರ್ಥ, ಬಾಸ್‌ನ ಮುಖ ಸಿಂಡರಿಸಿದೆ ಅನ್ನುವುದಕ್ಕೆಲ್ಲ ಬಳಸಬೇಡಿ.

ಬಾಸ್ ವಿಷಯ ಬಂತಲ್ಲ. ಕರೆ ಬಂದಾಗ ರಜೆ ಕೊಡುವುದು ಕಂಪನಿಗೆ ಕಾನೂನಿನ ಕಟ್ಟಳೆ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಸಂಬಳವೂ ನಿಲ್ಲುವುದಿಲ್ಲ, ಕಂಪನಿ ಕೊಟ್ಟು ಆಮೇಲೆ ಸರ್ಕಾರದಿಂದ ಪಡೆಯುತ್ತದೆ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಆದರೆ ಬೇರೆ ದೇಶದಿಂದ ಬಂದ ಸಹೋದ್ಯೋಗಿಗೆ ಈ ಕಟ್ಟುಪಾಡು ಇಲ್ಲ, ಅವನು ವರ್ಷಪೂರ್ತಿ ಸೀಟಿನಲ್ಲಿರುತ್ತಾನೆ ಅನ್ನುವ ಕೊರಗು ಇಲ್ಲಿನ ಗಂಡಸರಲ್ಲಿ ಒಳಗೊಳಗೇ ಇದೆ. ನಮ್ಮ ಊರ ಕಡೆಯವರೇ ಅನೇಕರು ಆ ಇನ್ನೊಂದು ಸೀಟಿನಲ್ಲಿ ಕೂತಿರುವುದರಿಂದ, ಆಫೀಸ್ ಪಾರ್ಟಿಯಲ್ಲಿ ರಿಸರ್ವಿಸ್ಟ್ ಅಂದರೆ ಫ್ರೀ ರಜೆ ಅಂತ ನಗೆಯಾಡಬೇಡಿ.

ಅಕಸ್ಮಾತ್ ಅರ್ಜಿ ತಿರಸ್ಕೃತವಾದರೂ ಬಾಗಿಲು ಮುಚ್ಚಿತು ಅಂತಲ್ಲ. ಹೋಗಿ ಸಹಿ ಹಾಕಿದ ದಿನವೇ ಕಮಾಂಡರ್‌ಗೆ ಪರಿಸ್ಥಿತಿ ಹೇಳಿಡಲಿ. ನೋವು ಶುರುವಾದರೆ ಕಳಿಸಿಕೊಡುವುದು, ಸಂಜೆ ಕೆಲವು ಗಂಟೆ ಬಿಡುವು ಕೊಡುವುದು ಅವರ ಕೈಲಿರುತ್ತದೆ, ಬಹಳಷ್ಟು ಜನ ತಾವೂ ಹೆಂಡತಿ ಮಕ್ಕಳಿರುವ ರಿಸರ್ವಿಸ್ಟ್‌ಗಳೇ. ಯಾರಿಗೂ ಹೇಳದೆ ಗೇಟು ದಾಟುವ ಯೋಚನೆ ಮಾತ್ರ ಬೇಡ.

ನಿಮ್ಮವರಿಗೆ ಸೊಂಟ ನೋವು ಅಂತಲೂ ಬರೆದಿದ್ದೀರಿ. ಅದನ್ನು ಇದರ ಜೊತೆ ಕಲಸಬೇಡಿ. ಅದು ಮೆಡಿಕಲ್ ಆಫೀಸರ್ ನೋಡಬೇಕಾದದ್ದು. ತಜ್ಞರ ಮೆಮೊ ತೋರಿಸಿದರೆ ಭಾರ ಹೊರುವುದು, ಓಡುವುದರಿಂದ ವಿನಾಯಿತಿ ಕೊಡಬಹುದು, ಬೇಕಿದ್ದರೆ ವೈದ್ಯಕೀಯ ದರ್ಜೆಯನ್ನೇ ಇಳಿಸಬಹುದು. ವರ್ಷವರ್ಷದ ಐಪಿಪಿಟಿ ಅನ್ನುವ ದೇಹದಾರ್ಢ್ಯ ಪರೀಕ್ಷೆ ಬೇರೆ ಇದೆ. ಪುಷ್‌ಅಪ್, ಸಿಟ್‌ಅಪ್, 2.4 ಕಿಲೋಮೀಟರ್ ಓಟ. ಚಿನ್ನದ ದರ್ಜೆ ಬಂದರೆ 500 ಡಾಲರ್ ಕೊಡುತ್ತಾರೆ, ನಮ್ಮ ಮನೆಗೆ ಆ ದುಡ್ಡು ಯಾವತ್ತೂ ಬರಲಿಲ್ಲ. ಊಟದ ಚಿಂತೆ ಮಾಡುವ ಅತ್ತೆಗೆ ಹೇಳಿ, ಸಸ್ಯಾಹಾರಿಗಳಿಗೆ ಬೇರೆಯೇ ಇರುತ್ತದೆ, ಕಾಡಿಗೆ ಹೊತ್ತೊಯ್ಯುವ ಪೊಟ್ಟಣದಲ್ಲೂ ಇರುತ್ತದೆ. ರುಚಿ ಕೇಳಬಾರದು.

ಬಾಣಂತನಕ್ಕೆ ತವರಿಗೇ ಹೋಗಿಬಿಡಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ತಿಂಗಳು ತುಂಬುತ್ತಾ ಬಂದ ಮೇಲೆ ವಿಮಾನದವರು ಹತ್ತಿಸಿಕೊಳ್ಳುವುದೇ ಕಷ್ಟ, ಹಾಗಾಗಿ ಆ ಯೋಚನೆ ಬಿಡಿ. ಅಮ್ಮನನ್ನೇ ಕರೆಸಿಕೊಳ್ಳಿ, ಅವರ ವೀಸಾ ಕೆಲಸ ಈಗಲೇ ಶುರು ಮಾಡಿ. ನಿಮ್ಮವರು ಸಿಂಗಪುರದ ಪ್ರಜೆ ಅಂದಿದ್ದೀರಿ, ಮಗುವೂ ಪ್ರಜೆಯಾಗುತ್ತದೆ. 2025ರ ಏಪ್ರಿಲ್‌ನಿಂದ ಅಂಥ ಮಗುವಿನ ಅಪ್ಪನಿಗೆ ಸರ್ಕಾರವೇ ಸಂಬಳ ಭರಿಸುವ 4 ವಾರದ ರಜೆ ಇದೆ. ರಿಸರ್ವಿಸ್ಟ್ ದಿನಗಳಿಗೂ ಅದಕ್ಕೂ ಸಂಬಂಧವಿಲ್ಲ, ಒಂದನ್ನು ಇನ್ನೊಂದರಲ್ಲಿ ಕಳೆಯಲು ಕಂಪನಿಯವರನ್ನು ಬಿಡಬೇಡಿ.

ಗಂಡು ಮಗುವಾದರೆ ಅವನಿಗೂ ಈ ಸರದಿ ಇದ್ದೇ ಇದೆ. 13 ತುಂಬಿದ ಮೇಲೆ ಅಜ್ಜಿ ಮನೆಯಲ್ಲಿ 3 ತಿಂಗಳು ಅಥವಾ ಹೆಚ್ಚು ಇರಬೇಕಾದರೂ ಎಕ್ಸಿಟ್ ಪರ್ಮಿಟ್, ಅಂದರೆ ದೇಶದ ಹೊರಗಿರಲು ಅನುಮತಿ, ಬೇಕು. ಅದಕ್ಕೆ ಇನ್ನೂ ಬೇಕಾದಷ್ಟು ಕಾಲವಿದೆ. ಸದ್ಯಕ್ಕೆ ಆಸ್ಪತ್ರೆಯ ಪತ್ರ ತರಿಸಿ.