ಕನಸು ಬಿದ್ದಾಗ ಗಂಟೆ ಎಷ್ಟಾಗಿತ್ತು?

ಈ ಸಲ ಬಂದ ಪತ್ರಗಳಲ್ಲಿ ಕನಸಿನವೇ ಜಾಸ್ತಿ. ಬೆಟಗೇರಿಯಲ್ಲಿ 31 ವರ್ಷ ದವಾಖಾನೆ ನಡೆಸಿದ ಡಾಕ್ಟರ್ ನಾನು, ಮಂದಿಯ ಬಾಯಲ್ಲಿ ‘ಬಾಯಾರು’. ಕನಸಿನ ಅರ್ಥ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಆದರೆ ಒಂದು ರೂಢಿ ಇದೆ. ಯಾರಾದರೂ ‘ಬಾಯಾರ, ಕೆಟ್ಟ ಕನಸು ಬಿತ್ರಿ’ ಅಂದರೆ, ಏನು ಕನಸು ಅಂತ ಕೇಳುವ ಮೊದಲು ಗಂಟೆ ಎಷ್ಟಾಗಿತ್ತು ಅಂತ ಕೇಳುತ್ತೇನೆ. ಎದ್ದಾಗ ಬೆವರಿತ್ತಾ? ಹಸಿವಿತ್ತಾ? ಬಾಯಿ ಒಣಗಿತ್ತಾ? ಮೂತ್ರಕ್ಕೆ ಅವಸರ ಆಗಿತ್ತಾ? ಮಂದಿಗೆ ಬೇಜಾರಾಗುತ್ತದೆ. ಅವರು ಹಾವು, ಒಣಗಿದ ಬಾವಿ, ತೀರಿಹೋದ ಅಜ್ಜಿ ಎಲ್ಲ ಹೇಳಲು ತಯಾರಾಗಿ ಬಂದಿರುತ್ತಾರೆ. ಈ ಬಾಯಾರು ನೋಡಿದರೆ ಮೂತ್ರದ ಸುದ್ದಿ ಕೇಳುತ್ತಾರೆ!

ಪ್ರಶ್ನೆ: ನನಗೆ 52 ವರ್ಷ. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವನು. ಗೋವಿನಜೋಳ, ಹತ್ತಿ ಬೆಳೆಯುತ್ತೇನೆ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ. ಎರಡು ತಿಂಗಳಿಂದ ವಾರಕ್ಕೆ ಮೂರು ಸಲ ಒಂದೇ ಕನಸು. ತೀರಿಹೋದ ಅಪ್ಪ ಹೊಲದ ಬದುವಿನ ಮೇಲೆ ಕೂತು ‘ಬಿತ್ತಿದೇನೋ?’ ಅಂತ ಕೇಳುತ್ತಾನೆ. ನನ್ನ ಬಾಯಿ ತುಂಬ ಮಣ್ಣು, ಮಾತು ಬರುವುದಿಲ್ಲ. ಎದ್ದಾಗ ಮೂರು ಗಂಟೆ ಆಗಿರುತ್ತದೆ. ಬನಿಯನ್ ತೊಯ್ದಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಊರಿನವರೊಬ್ಬರು ಪಿತೃದೋಷ ಅಂದರು, ಶಾಂತಿ ಮಾಡಿಸಲು ಹೇಳಿದರು. ಸಾಲ ಇದೆ. ಎಷ್ಟು ಅಂತ ಹೆಂಡತಿಗೆ ಗೊತ್ತಿಲ್ಲ. ರಾತ್ರಿ ಊಟ ಸೇರುವುದಿಲ್ಲ. ನನ್ನ ಕಾಲ ಹತ್ತಿರ ಬಂತೇ?

ಉತ್ತರ: ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಮೂಲದಲ್ಲಿ ಅಪ್ಪನ ಬಗ್ಗೆ ಒಂದೂವರೆ ಪುಟ ಇದೆ. ‘ರಾತ್ರಿ ಊಟ ಸೇರುವುದಿಲ್ಲ’ ಅನ್ನುವುದು ಒಂದೇ ಸಾಲು, ಅದೂ ಕೊನೆಗೆ. ನಾನು ಹಿಡಿದುಕೊಂಡಿದ್ದು ಆ ಸಾಲನ್ನು.

ಸಕ್ಕರೆ ಮಾತ್ರೆಗಳೆಲ್ಲ ಒಂದೇ ತರಹ ಅಲ್ಲ. ಗ್ಲಿಮೆಪಿರೈಡ್‌ನಂಥವು ನೀವು ಉಂಡರೂ ಉಣ್ಣದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಚಿಂತೆಯಲ್ಲಿ ಅರ್ಧ ರೊಟ್ಟಿ ತಿಂದು ಎದ್ದಿರಿ, ಮಾತ್ರೆ ಮಾತ್ರ ತಪ್ಪದೆ ನುಂಗಿದಿರಿ ಅಂದುಕೊಳ್ಳಿ. ಮೂರು ಗಂಟೆಯ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ. ಆಗ ಬೆವರು ಕಿತ್ತು ಬರುತ್ತದೆ, ಎದೆ ಡವಡವ ಅನ್ನುತ್ತದೆ, ಭಯಂಕರ ಕನಸು ಬೀಳುತ್ತದೆ. ನಿಮ್ಮ ಅಪ್ಪ ಕನಸಿಗೆ ಬರಲು ಬೇರೆ ಕಾರಣ ಇರಬಹುದು. ಬನಿಯನ್ ತೊಯ್ದಿದ್ದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ.

ಅನುಮಾನ ಸುಮ್ನೆ ಇಟ್ಟುಕೊಳ್ಳುವುದು ಬೇಡ. ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ ಯಾರದಾದರೂ ಇಸಿದುಕೊಳ್ಳಿ, ಸೂಜಿ ಮಾತ್ರ ಹೊಸದಿರಲಿ. ಮತ್ತೆ ಆ ಕನಸಿಂದ ಎದ್ದ ಕೂಡಲೇ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಯಾದ ಮೇಲೆ ಒಂದಿಷ್ಟು ಏನಾದರೂ ತಿಂದು ಮಲಗಿ. ಮಷಿನ್ ಸಿಗದಿದ್ದರೆ ಬೆವರಿ ಎದ್ದಾಗ ಸಕ್ಕರೆ ನೀರು ಕುಡಿದುಬಿಡಿ, ಅಷ್ಟರಿಂದ ಏನೂ ಕೆಡುವುದಿಲ್ಲ. ಮಾತ್ರೆಯನ್ನು ನೀವೇ ಬಿಡಬೇಡಿ, ಅರ್ಧ ಮಾಡಬೇಡಿ. ಬರೆದುಕೊಟ್ಟ ಡಾಕ್ಟರ್ ಹತ್ತಿರ ಇದೇ ವಾರ ಹೋಗಿ ‘ರಾತ್ರಿ ಉಣ್ಣುತ್ತಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಮಾತ್ರೆ ಬದಲಿಸಬೇಕೋ ಪ್ರಮಾಣ ಇಳಿಸಬೇಕೋ ಅವರು ನೋಡುತ್ತಾರೆ.

ಇನ್ನೊಂದು ಮಾತು. ಕನಸು ಬಿದ್ದ ದಿನಗಳಲ್ಲಿ ಹೊಲಕ್ಕೆ ಎಣ್ಣೆ ಹೊಡೆದಿದ್ದಿರಾ? ಕೆಲವು ಕೀಟನಾಶಕಗಳು ಚರ್ಮದಿಂದಲೇ ಮೈಯೊಳಗೆ ಇಳಿಯುತ್ತವೆ. ಬೆವರು, ಚಡಪಡಿಕೆ, ಕೆಟ್ಟ ಕನಸು ಅವುಗಳಿಂದಲೂ ಆಗುತ್ತದೆ. ಲುಂಗಿ-ಬನಿಯನ್ ಮೇಲೆ ಎಣ್ಣೆ ಹೊಡೆದು, ಅದೇ ಬಟ್ಟೆಯಲ್ಲಿ ಕೂತು ಚಹಾ ಕುಡಿಯುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಈಗ ಸಾಲದ ವಿಷಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆ ವರ್ಷ ಬಿತ್ತಿ ಕಳೆದುಕೊಂಡವರೆಲ್ಲ ದಡ್ಡರಾಗಿದ್ದರಾ? ನೀವು ಮಾತ್ರ ಲೆಕ್ಕ ತಪ್ಪಿದವರಂತೆ ಬರೆದಿದ್ದೀರಿ. ಹೆಂಡತಿಗೆ ಗೊತ್ತಿಲ್ಲ ಅಂತಲೂ ಬರೆದಿದ್ದೀರಿ. ನನಗೆ ನಂಬಿಕೆ ಇಲ್ಲ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿರುವಾಗ, ಒಳಗೆ ಬಂದ ಹೆಂಡತಿ ಸೊಸೈಟಿಯಲ್ಲಿ ಇಷ್ಟು, ಅಂಗಡಿಯವರ ಹತ್ತಿರ ಇಷ್ಟು ಅಂತ ರೂಪಾಯಿ ಸಮೇತ ಹೇಳಿದ್ದನ್ನು ನಾನು ಕೇಳಿದ್ದೇನೆ. ‘ನನಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ್ರಿ, ಅವರ ಮನಸ್ಸಿಗೆ ಹತ್ತತೈತಿ’ ಅಂತ ಬೇರೆ! ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟು, ಇಬ್ಬರೂ ನಿದ್ದೆ ಇಲ್ಲದೆ ಮಲಗಿರುತ್ತಾರೆ. ಶಾಂತಿಗೆ ಕೊಡುವ ದುಡ್ಡು ಸದ್ಯ ಕೈಯಲ್ಲಿ ಇರಲಿ. ಪಾಸ್‌ಬುಕ್, ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿ ಅವರ ಮುಂದೆ ಸುರಿಯಿರಿ.

‘ಕಾಲ ಹತ್ತಿರ ಬಂತೇ’ ಅಂತ ಕೇಳಿದ್ದೀರಿ. ನಾನೂ ನೇರವಾಗಿ ಕೇಳುತ್ತೇನೆ. ಸಾಯಬೇಕು ಅಂತ ಮನಸ್ಸಿನಲ್ಲಿ ಬರುತ್ತಿದೆಯಾ? ಬರುತ್ತಿದ್ದರೆ ಎಣ್ಣೆ ಡಬ್ಬಿಗಳನ್ನು ಇವತ್ತೇ ಮನೆಯಿಂದ, ಹೊಲದ ಶೆಡ್ಡಿನಿಂದ ತೆಗೆಸಿ ಅಣ್ಣತಮ್ಮಂದಿರ ಮನೆಯಲ್ಲಿ ಬೀಗ ಹಾಕಿ ಇಡಿಸಿ. 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ ಅದರ ಹೆಸರು, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮೂರು ಗಂಟೆಗೂ ಎತ್ತುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು. ‘ಧಾರವಾಡಕ್ಕ ಕಳಸಬೇಕು ಇವನ್ನ’ ಅಂತ ನಮ್ಮ ಕಡೆ ಚೇಷ್ಟೆ ಮಾಡುತ್ತಾರಲ್ವಾ, ಅದೇ ಜಾಗ. ನಿದ್ದೆ ಬರದವರು, ಊಟ ಸೇರದವರು, ನಿಮ್ಮಂಥ ರೈತರು, ಮಾಸ್ತರರು ಅಲ್ಲಿ ಪಾಳಿ ಹಚ್ಚಿ ನಿಂತಿರುತ್ತಾರೆ. ಚೇಷ್ಟೆ ಮಾಡುವವರ ಮನೆಯವರೂ ಇರುತ್ತಾರೆ, ಅದು ಬೇರೆ ಮಾತು.

ಪ್ರಶ್ನೆ: ನಾನು ಸವಣೂರಿನವಳು, 24 ವರ್ಷ. ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇದು ಮೂರನೇ ವರ್ಷ. ಬೆಳಗಿನ ಜಾವ ಎಚ್ಚರ ಆಗಿರುತ್ತದೆ, ರೂಮು ಕಾಣುತ್ತಿರುತ್ತದೆ, ಆದರೆ ಕೈಕಾಲು ಅಲ್ಲಾಡುವುದಿಲ್ಲ. ಎದೆ ಮೇಲೆ ಯಾರೋ ಕೂತಂತೆ ಆಗುತ್ತದೆ. ಕೂಗಲೂ ಆಗುವುದಿಲ್ಲ. ಈ ರೂಮಿನಲ್ಲಿ ಏನೋ ಇದೆ ಅಂತ ಗೆಳತಿ ಹೇಳುತ್ತಾಳೆ. ಇನ್ನೊಂದು ವಿಷಯ. ಹೋದ ಪರೀಕ್ಷೆ ಪಾಸಾಗಲಿಲ್ಲ. ರಿಸಲ್ಟ್ ಬಂದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಅಪ್ಪನಿಗೆ ಎಲೆ ತೋಟ ಇದೆ. ದಿನಾ ಫೋನ್ ಮಾಡಿ ‘ಆರಾಮ ಅದೀಯೇನ್?’ ಅಂತ ಕೇಳುತ್ತಾರೆ.

ಉತ್ತರ: ನೋಡವ್ವಾ, ರೂಮಿನಲ್ಲಿ ಏನೂ ಇಲ್ಲ. ಕನಸು ಜಾಸ್ತಿ ಬೀಳುವ ನಿದ್ದೆಯಲ್ಲಿ ಮಿದುಳು ಕೈಕಾಲುಗಳನ್ನು ಸಡಿಲ ಬಿಟ್ಟಿರುತ್ತದೆ. ಕನಸಿನಲ್ಲಿ ಓಡಿದರೆ ನಿಜವಾಗಿ ಎದ್ದು ಓಡಬಾರದಲ್ಲ, ಅದಕ್ಕೆ. ಕೆಲವು ಸಲ ಎಚ್ಚರ ಮೊದಲು ಬಂದುಬಿಡುತ್ತದೆ, ಕೈಕಾಲಿಗೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದ ಮಾತು. ಲಕ್ವಾಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿದ್ದೆಗೆಟ್ಟವರಿಗೆ, ಹೊತ್ತುಗೊತ್ತಿಲ್ಲದೆ ಮಲಗುವವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ರಾತ್ರಿ ಎರಡೂವರೆ ತನಕ ಓದಿ, ಲೈಬ್ರರಿಯಲ್ಲಿ ಸೀಟು ಹಿಡಿಯಲು ಐದಕ್ಕೆ ಏಳುತ್ತೇನೆ ಅಂತ ನೀನೇ ಬರೆದಿದ್ದೀಯಾ. ಎರಡೂವರೆ ಗಂಟೆ ನಿದ್ದೆ ಮಾಡುವ ರೂಮಿಗೆ ದೆವ್ವವೂ ಬಾಡಿಗೆಗೆ ಬರುವುದಿಲ್ಲ. ಹನ್ನೊಂದಕ್ಕೆ ಮಲಗು, ಮಗ್ಗುಲಾಗಿ ಮಲಗು, ಸಂಜೆ ಮೇಲೆ ಚಹಾ ಬಿಡು. ಮತ್ತೆ ಹಾಗಾದಾಗ ಇಡೀ ಮೈ ಎತ್ತಲು ಹೆಣಗಬೇಡ, ಒಂದು ಬೆರಳು ಅಲ್ಲಾಡಿಸಲು ನೋಡು. ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸು.

ನಿಮ್ಮಪ್ಪನ ಆ ಪ್ರಶ್ನೆ ಇದೆಯಲ್ಲ, ಅದಕ್ಕೆ ನಮ್ಮ ಕಡೆ ಉತ್ತರ ಒಂದೇ. ‘ಆರಾಮ ಅದೀನ್ರಿ.’ ಜ್ವರ ಬಂದರೆ ಮಾತ್ರ ‘ಆರಾಮಿಲ್ಲ’ ಅನ್ನಬಹುದು. ಮನಸ್ಸು ಕುಸಿದಾಗ ಹಾಗೆ ಅನ್ನುವ ರೂಢಿಯೇ ಇಲ್ಲ.

ನನ್ನ ಕತೆ ಹೇಳುತ್ತೇನೆ. 2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ಹಾಸಿಗೆ ಕೊಡಿಸ್ರಿ, ಆಕ್ಸಿಜನ್ ಕೊಡಿಸ್ರಿ ಅಂತ ಹಗಲು ರಾತ್ರಿ ಫೋನು. ಎಲ್ಲರಿಗೂ ಕೊಡಿಸಲು ಆಗಲಿಲ್ಲ. ಆಮೇಲೆ ಅಲೆ ಇಳಿಯಿತು, ಫೋನು ನಿಂತವು, ನನಗೆ ಕನಸು ಶುರುವಾಯಿತು. ದವಾಖಾನೆಯ ಶಟರ್ ಎಳೆದಿದೆ. ನಾನು ಒಳಗೆ, ಹೊರಗೆ ಜನ ಬಡಿಯುತ್ತಿದ್ದಾರೆ, ಕೀಲಿಕೈ ಸಿಗುತ್ತಿಲ್ಲ. ಹೆಚ್ಚುಕಡಿಮೆ ನಾಲ್ಕು ತಿಂಗಳು ಇದೇ ಕನಸು. ಯಾರು ಕೇಳಿದರೂ ಆರಾಮ ಅದೀನಿ ಅಂದೆ. ಎದೆ ಹೊಡೆದುಕೊಳ್ಳುತ್ತಿತ್ತು, ನಾನೇ ಡಾಕ್ಟರ್ ಅಲ್ವಾ, ಪ್ರೊಪ್ರನೊಲಾಲ್ ಮಾತ್ರೆ ನಾನೇ ಬರೆದುಕೊಂಡು ನುಂಗಿದೆ. ಕನಸು ಇನ್ನೂ ಗಾಢವಾಯಿತು. ಬಡಿಯುವವರ ಮುಖ ಸಹ ಕಾಣತೊಡಗಿತು. ಒಂದು ದಿನ ಚೀಟಿಯ ಮೇಲೆ ತಪ್ಪು ತಾರೀಖು ಬರೆದಿದ್ದನ್ನು ನೋಡಿ ನಮ್ಮ ಕಂಪೌಂಡರ್ ಮೆಲ್ಲಗೆ, ‘ಬಾಯಾರ, ನಿಮ್ಮ ಬಿ.ಪಿ. ಒಮ್ಮೆ ನೋಡೂಣೇನ್ರಿ?’ ಅಂದ. ಪೇಷಂಟ್ ಕೂರುವ ಸ್ಟೂಲಿನ ಮೇಲೆ ನಾನು ಕೂತೆ. 170/100 ಇತ್ತು. ಸ್ಟೂಲಿನ ಒಂದು ಕಾಲು ಅಲುಗಾಡುತ್ತದೆ ಅನ್ನುವುದೂ ಅವತ್ತೇ ಗೊತ್ತಾಯಿತು.

ಮಾರನೇ ದಿನ ಧಾರವಾಡದಲ್ಲಿದ್ದ ನನ್ನ ಕ್ಲಾಸ್‌ಮೇಟ್ ಹತ್ತಿರ ಹೋದೆ. ಅವಳು ಮೊದಲು ಕೇಳಿದ್ದು ಯಾವ ಮಾತ್ರೆ ತಗೊಳ್ತೀಯಾ ಅಂತ. ಆ ಮಾತ್ರೆಯಿಂದ ಕೆಲವರಿಗೆ ಹೀಗೆ ಕನಸು ಬೀಳುತ್ತದೆ ಅಂತ ಓದಿ ಪಾಸಾದವಳು ನಾನು, ಆದರೂ ನನ್ನದೇ ಕನಸಿಗೆ ಪಾಪ-ಪುಣ್ಯದ ಅರ್ಥ ಹುಡುಕುತ್ತಾ ಕೂತಿದ್ದೆ. ಅವಳು ಮಾತ್ರೆ ಬದಲಿಸಿದಳು, ಮುಖಗಳು ಹೋದವು. ಶಟರ್ ಹೋಗಲಿಲ್ಲ. ಅದಕ್ಕೆ ಮಾತಾಡಬೇಕಾಯಿತು. ಕೊಡಿಸಲು ಆಗದ ಹಾಸಿಗೆಗಳ ಲೆಕ್ಕ ಅವಳ ಮುಂದೆ ಹೇಳಿ ಅಳಬೇಕಾಯಿತು.

ಅದಕ್ಕೇ ಹೇಳುತ್ತೇನೆ, ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಬೇಡ. ಭಾನುವಾರ ಬಸ್ ಹತ್ತಿ ಸವಣೂರಿಗೆ ಹೋಗು. ತೋಟದಲ್ಲಿ ಜತೆಗೆ ಕೂತು ಎಲೆ ಎಣಿಸಿ ಕಟ್ಟು ಕಟ್ಟುವಾಗ ಹೇಳು. ಕೈಯಲ್ಲಿ ಕೆಲಸ ಇದ್ದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಅವರು ಸಿಟ್ಟಾಗಬಹುದು. ಇನ್ನೊಂದು ವರ್ಷ ಓದಿಸುತ್ತೇನೆ ಅನ್ನಬಹುದು, ಸಾಕು ಬಾ ಅನ್ನಬಹುದು. ಏನಂದರೂ ದಿನಾ ಫೋನಿನಲ್ಲಿ ಸುಳ್ಳು ಹೇಳುವುದು ತಪ್ಪುತ್ತದೆ.

ಪ್ರಶ್ನೆ: ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಅನ್ನುತ್ತಾರೆ, ಹೌದಾ? (ಲಕ್ಷ್ಮೇಶ್ವರದ ಓದುಗರು)

ಉತ್ತರ: ನಿಜ ಆಗುವುದಿಲ್ಲ, ನೆನಪಿರುತ್ತದೆ. ನಿದ್ದೆಯಲ್ಲಿ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡುವ ಹೊತ್ತೊಂದಿದೆ. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅದನ್ನು ಗುರುತಿಸಿದರು. ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಅದು ಬರುತ್ತದೆ. ಬೆಳಗಾಗುತ್ತಾ ಹೋದಂತೆ ಉದ್ದ ಆಗುತ್ತದೆ. ಆಗಲೇ ನೀವೂ ಏಳುತ್ತೀರಿ, ಹೀಗಾಗಿ ಆ ಕನಸು ಮನಸ್ಸಿನಲ್ಲಿ ಉಳಿಯುತ್ತದೆ. ನಿಜವಾದ ಒಂದನ್ನು ಊರೆಲ್ಲ ಹೇಳುತ್ತೀರಿ, ಸುಳ್ಳಾದವುಗಳನ್ನು ಚಹಾ ಕುಡಿಯುವಷ್ಟರಲ್ಲಿ ಮರೆಯುತ್ತೀರಿ.

ಪ್ರಶ್ನೆ: ನಮ್ಮ ಮನೆಯವರಿಗೆ 64. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ನಿವೃತ್ತರು. ಒಂದು ವರ್ಷದಿಂದ ಬೆಳಗಿನ ನಾಲ್ಕರ ಹೊತ್ತಿಗೆ ನಿದ್ದೆಯಲ್ಲೇ ಕೂಗುತ್ತಾರೆ, ಒದೆಯುತ್ತಾರೆ. ನಾಯಿ ಬೆನ್ನು ಹತ್ತಿತ್ತು ಅನ್ನುತ್ತಾರೆ. ನನ್ನ ಮೊಣಕೈ ಬಾತಿದೆ. ಮಕ್ಕಳಿಗೆ ಹೇಳಲು ನಾಚಿಕೆ.

ಉತ್ತರ: ಗಂಟೆ ಬರೆದಿದ್ದಕ್ಕೆ ನಿಮಗೆ ಧನ್ಯವಾದ. ಮೇಲಿನ ಹುಡುಗಿಗೆ ಹೇಳಿದೆನಲ್ಲ, ಕನಸಿನಲ್ಲಿ ಕೈಕಾಲು ಸಡಿಲ ಇರುತ್ತವೆ ಅಂತ. ನಿಮ್ಮ ಯಜಮಾನರಿಗೆ ಆ ಹಿಡಿತ ತಪ್ಪಿರಬಹುದು. ಐವತ್ತು ದಾಟಿದ ಗಂಡಸರಲ್ಲಿ ಜಾಸ್ತಿ. ಬೈಯಬೇಡಿ, ಅವರು ಬೇಕಂತ ಒದೆಯುತ್ತಿಲ್ಲ. ಆದರೆ ಇದನ್ನು ನರರೋಗ ತಜ್ಞರಿಗೆ ತೋರಿಸಲೇಬೇಕು. ಕೆಲವರಲ್ಲಿ ಇದು ಎಷ್ಟೋ ವರ್ಷ ಮುಂದೆ ಬರುವ ಪಾರ್ಕಿನ್ಸನ್ ಕಾಯಿಲೆಯ ಮೊದಲ ಗುರುತು, ಕೆಲವರಲ್ಲಿ ಮಾತ್ರೆಗಳಿಂದ ಆಗಿರುತ್ತದೆ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವವರೂ ಹೀಗೆ ಒದ್ದಾಡುತ್ತಾರೆ. ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಅಲ್ಲಿಯ ತನಕ ಮಂಚ ಬಿಟ್ಟು ಕೆಳಗೆ ಹಾಸಿಗೆ ಹಾಕಿ, ತಂಬಿಗೆ-ಗ್ಲಾಸು ದೂರ ಇಡಿ. ನೀವು ಬೇರೆ ಹಾಸಿಗೆಯಲ್ಲಿ ಮಲಗಿ. ಮಗನಿಗೆ ಹೇಳಿ, ನಾಲ್ಕು ಗಂಟೆಗೆ ಅಲಾರಂ ಇಟ್ಟುಕೊಂಡು ಒಂದು ವಿಡಿಯೊ ಮಾಡಲಿ. ಡಾಕ್ಟರಿಗೆ ಅದು ನಿಮ್ಮ ನೂರು ಮಾತಿಗಿಂತ ಜಾಸ್ತಿ ಉಪಯೋಗ. ಮೊಣಕೈಯನ್ನೂ ತೋರಿಸಿಕೊಂಡು ಬನ್ನಿ.