‘ಸ್ಪೈ ಫ್ಯಾಮಿಲಿ’ 13ನೇ ಕಂತು ಎರಡನೇ ಸೀಸನ್ ಅಲ್ಲ

ನಿಮ್ಮ ಗೊಂದಲ ಸಹಜವೇ. 12ನೇ ಕಂತಿಗೆ ನಿಂತ ಜಪಾನಿನ ಅನಿಮೆ (ಕಾರ್ಟೂನ್) ಧಾರಾವಾಹಿ ‘ಸ್ಪೈ ಫ್ಯಾಮಿಲಿ’ ಮೂರು ತಿಂಗಳ ನಂತರ ಬಂದಾಗ ಅದು ಎರಡನೇ ಸೀಸನ್ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ, ಅದು ಮೊದಲ ಸೀಸನ್ನಿನ ಎರಡನೇ ಭಾಗ.

ಜಪಾನಿನ ಟಿವಿಯಲ್ಲಿ ವರ್ಷವನ್ನು ನಾಲ್ಕು ಪಾಲು ಮಾಡುತ್ತಾರೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಕಾರ್ಯಕ್ರಮಗಳು ಶುರುವಾಗುತ್ತವೆ. ಮೂರು ತಿಂಗಳ ಈ ಒಂದು ಪಾಲಿಗೆ ಅಲ್ಲಿ ‘ಕೂರ್’ ಎನ್ನುತ್ತಾರೆ. ವಾರಕ್ಕೊಂದು ಕಂತು ಎಂದರೆ ಒಂದು ಕೂರ್‌ಗೆ 12 ಅಥವಾ 13 ಕಂತು. ಕೂರ್ ಪ್ರಸಾರದ ಲೆಕ್ಕ, ಸೀಸನ್ ಕಥೆಯ ಲೆಕ್ಕ. ಎರಡೂ ಒಂದೇ ಆಗಿರಬೇಕೆಂದೇನಿಲ್ಲ.

ನೀವು ನೋಡಿದ ಸೀಸನ್ ಎರಡು ಕೂರ್‌ನದು. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ 12 ಕಂತು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 13. ಒಟ್ಟು 25. ನಿಜವಾದ ಎರಡನೇ ಸೀಸನ್ ಬಂದದ್ದು 2023ರ ಅಕ್ಟೋಬರ್‌ನಲ್ಲಿ.

ನಡುವಿನ ಬಿಡುವು ಸುಮ್ನೆ ಕೊಡುವುದಲ್ಲ. ಚಿತ್ರ ಬಿಡಿಸುವವರಿಗೆ ಉಸಿರಾಡಲು ಸಮಯ ಸಿಗುತ್ತದೆ, ಕೆಲಸ ಅಚ್ಚುಕಟ್ಟಾಗುತ್ತದೆ. ಅವಸರದಲ್ಲಿ ಮುಗಿಸಿದ ಕಂತಿಗಿಂತ ಕಾಯುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹೆಸರು ನೋಡಿ ಮಾತ್ರ ಲೆಕ್ಕ ಹಾಕಬೇಡಿ. ‘ಅಟ್ಯಾಕ್ ಆನ್ ಟೈಟನ್’ ಎಂಬ ಇನ್ನೊಂದು ಅನಿಮೆಯ ‘ಕೊನೆಯ ಸೀಸನ್’ 2020ರ ಡಿಸೆಂಬರ್‌ನಲ್ಲಿ ಶುರುವಾಗಿ, ಭಾಗ ಭಾಗವಾಗಿ ಬಂದು, ಮುಗಿದದ್ದು 2023ರ ನವೆಂಬರ್‌ನಲ್ಲಿ! ಕಂತಿನ ಸಂಖ್ಯೆ ನೋಡಿದರೆ ಜಾಸ್ತಿ ಅನುಕೂಲ. ನೀವು ಈಗ 13ನೆಯದರಿಂದ ಮುಂದುವರಿಸಿ, ಏನೂ ತಪ್ಪಿಹೋಗಿಲ್ಲ.